ಅರ್ಧ ಗೊಬ್ಬರದ ನಾಲ್ಕು ತಾಕು

ಅಕ್ಟೋಬರ್ 12

ಅಪ್ಪಾ,

ಆಯಿತು. ನಿನ್ನೆ ಮಧ್ಯಾಹ್ನ ಬಿಡುಗಡೆ ಸಮಿತಿ ನಮ್ಮ ನಲವತ್ತೊಂದನೇ ನಂಬರಿನ ಗೋಧಿ ತಳಿಗೆ ಒಪ್ಪಿಗೆ ಕೊಟ್ಟಿತು. ಮುಂದಿನ ತಿಂಗಳ ಬಿತ್ತನೆಗೆ ಮುನ್ನೂರು ಬೆಳೆಗಾರರಿಗೆ ಬೀಜ ಹೋಗುತ್ತದೆ. ಚೀಲದ ಮೇಲೆ ಅಚ್ಚು ಹಾಕಿಸುವ ವಾಕ್ಯವನ್ನೂ ಅಲ್ಲೇ ತೀರ್ಮಾನಿಸಿದರು: "ಅರ್ಧ ಗೊಬ್ಬರ, ಪೂರ್ತಿ ಬೆಳೆ." ಸಂತೆಯಲ್ಲಿ ಕೂಗಿ ಮಾರುವ ಹಾಗಿದೆ ಅಂತ ನನಗೆ ನಾಚಿಕೆಯಾಯಿತು. ನಮ್ಮ ಕೇಂದ್ರದ ಮುಖ್ಯಸ್ಥರಿಗೆ ಅದೇ ಬೇಕಂತೆ.

ಅತ್ತಿಗೆ ಕೇಳಿದರೆ ಹೇಳು, ನಾನು ಸಮಿತಿಗೆ ವಿವರಿಸಿದ್ದು ಇಷ್ಟೇ. ಗಿಡ್ಡ ಗೋಧಿ ಬಂದ ಮೇಲೆ ಪೈರು ಮಗುಚುವುದು ನಿಂತಿತು, ಆದರೆ ಬೇರು ಸೋಮಾರಿಯಾಯಿತು. ಹೊಲಕ್ಕೆ ಸುರಿದ ಸಾರಜನಕದಲ್ಲಿ ಅರ್ಧವನ್ನೂ ಅದು ಹೀರುವುದಿಲ್ಲ. ಉಳಿದದ್ದು ಬಾವಿಗೆ ಇಳಿಯುತ್ತದೆ, ಇಲ್ಲವೇ ಗಾಳಿಗೆ ಹಾರುತ್ತದೆ. ಅಜ್ಜಂದಿರ ಕಾಲದ ಒಂದು ಎತ್ತರದ ಗೋಧಿಯಲ್ಲಿ ಬೇರು ಆಳಕ್ಕೆ ಇಳಿಯುವ ಗುಣವಿತ್ತು. ಆ ವಂಶವಾಹಿಯನ್ನು ಗಿಡ್ಡ ಗೋಧಿಗೆ ತಂದು ನಿಲ್ಲಿಸಲು ಏಳು ವರ್ಷ ಹಿಡಿಯಿತು. ಅರ್ಧ ಗೊಬ್ಬರ ಹಾಕಿದ ಪ್ರಯೋಗದ ತಾಕುಗಳಲ್ಲಿ ನಲವತ್ತೊಂದು ಸತತ ಮೂರು ಹಂಗಾಮು ಉಳಿದ ತಳಿಗಳಿಗಿಂತ ನೂರಕ್ಕೆ ಇಪ್ಪತ್ತೆರಡು ಪಾಲು ಹೆಚ್ಚು ಕೊಟ್ಟಿದೆ.

ಸಮಿತಿಯಲ್ಲಿದ್ದ ಒಬ್ಬ ಹಿರಿಯರು ಮಾತ್ರ ಕನ್ನಡಕ ಏರಿಸಿ, "ಉಳಿದ ಎರಡು ಕೇಂದ್ರಗಳಲ್ಲಿ ಇಷ್ಟು ಬಂದಿಲ್ಲವಲ್ಲ, ಯಾಕೆ?" ಅಂದರು. ಅಲ್ಲಿಯ ಮಣ್ಣು ಸರಿಯಿಲ್ಲ, ನೀರು ಹೊತ್ತಿಗೆ ಸರಿಯಾಗಿ ಕೊಟ್ಟಿಲ್ಲ ಅಂತ ನಾನು ಹೇಳುತ್ತಿದ್ದಾಗ ಮುಖ್ಯಸ್ಥರು ನಡುವೆ ಬಾಯಿ ಹಾಕಿ, "ಅಲ್ಲಿ ರಿಜಿಸ್ಟರಪ್ಪ ಇರಲಿಲ್ಲ, ಅದಕ್ಕೇ" ಅಂದರು. ಎಲ್ಲರೂ ನಕ್ಕರು. ನಿನ್ನ ಅಡ್ಡಹೆಸರು ಸಮಿತಿಯ ಮೇಜಿನವರೆಗೂ ಹೋಗಿದೆ ನೋಡು! ಮೂವತ್ತೊಂದು ವರ್ಷ ಒಂದು ಚಿತ್ತಿಲ್ಲದೆ ತಾಕಿನ ರಿಜಿಸ್ಟರು ಬರೆದವನ ಮಗಳು ಅಂತ ನನ್ನ ಕುರ್ಚಿಯೂ ಒಂದು ಗೇಣು ಎತ್ತರವಾದ ಹಾಗಾಯಿತು.

ನೀನು ನಿವೃತ್ತಿಯಾಗಿ ಅಣ್ಣನ ಮನೆಗೆ ಹೋದ ಮೇಲೆ ತೂಕದ ಕೋಣೆಗೆ ಇನ್ನೂ ಯಾರನ್ನೂ ಹಾಕಿಲ್ಲ. ಕಣ್ಣು ಮಂಜಾಗಿದೆ ಅಂದಿದ್ದೆ, ಡಾಕ್ಟರಿಗೆ ತೋರಿಸಿದೆಯಾ? ಫೋನು ಮಾಡಿದರೆ ಅಣ್ಣ ಯಾವಾಗಲೂ ಕೆಲಸದಲ್ಲಿ ಇರುತ್ತಾನೆ. ಬರೆ.

ನಿನ್ನ ಗುಬ್ಬಿ


ನವೆಂಬರ್ 2

ಗುಬ್ಬಿಗೆ ಆಶೀರ್ವಾದಗಳು.

ಕಾಗದ ತಲುಪಿತು. ಎರಡು ಸಲ ಓದಿದೆ. ಸಂತೋಷ.

ಇಲ್ಲಿ ಎಲ್ಲ ಕ್ಷೇಮ. ಮನೆ ಮೂರನೇ ಮಹಡಿ. ಮಣ್ಣು ಮುಟ್ಟಬೇಕಾದರೆ ಐವತ್ತೆರಡು ಮೆಟ್ಟಿಲು ಇಳಿಯಬೇಕು, ಇಳಿದರೂ ಸಿಗುವುದು ಸಿಮೆಂಟು. ನಿನ್ನ ಅತ್ತಿಗೆ ದಿನಕ್ಕೆ ನಲವತ್ತು ಕಾಲರು ಹೊಲಿಯುತ್ತಾಳೆ. ನಾನು ಎಣಿಸಿ ಕಟ್ಟು ಕಟ್ಟಿಕೊಡುತ್ತೇನೆ. ಎಣಿಸುವ ಕೆಲಸ ಬಿಟ್ಟರೆ ನನಗೆ ಬೇರೇನು ಬರುತ್ತದೆ?

ಒಂದು ಮಾತು. ಮುನ್ನೂರು ಜನಕ್ಕೆ ಒಮ್ಮೆಲೇ ಕೊಡುವುದು ಬೇಡ ಅನ್ನಿಸುತ್ತದೆ. ಮೊದಲ ವರ್ಷ ಮೂವತ್ತು ಜನ ಸಾಕು, ಅವರೂ ಹೊಲದ ಒಂದು ಮೂಲೆಯಲ್ಲಿ ಬಿತ್ತಿ ನೋಡಲಿ. ಚೀಲದ ಮೇಲೆ ಅರ್ಧ ಅಂತ ಹಾಕಿಸುವ ಬದಲು ಮುಕ್ಕಾಲು ಅಂತ ಹಾಕಿಸಿದರೆ ಹೇಗೆ? ತಾಕು ಬೇರೆ, ಹೊಲ ಬೇರೆ. ಮುಖ್ಯಸ್ಥರನ್ನು ಕೇಳಿ ನೋಡು. ನಾನು ಹೇಳಿದೆ ಅನ್ನಬೇಡ.

ಕಣ್ಣು ಹಾಗೇ ಇದೆ. ವಯಸ್ಸಿಗೆ ತಕ್ಕ ಹಾಗೆ.

ಅಪ್ಪ


ಜನವರಿ 9

ಅಪ್ಪಾ,

ಎರಡು ತಿಂಗಳು ಬರೆಯಲಿಲ್ಲ. ಬರೆಯುವ ಹಾಗಿರಲಿಲ್ಲ.

ಡಿಸೆಂಬರ್ ಮಧ್ಯದಿಂದ ದೂರುಗಳು ಶುರುವಾದವು. ಪೈರು ಹಳದಿ ತಿರುಗಿದೆ, ತೆನೆಕವಲು ಒಡೆಯುತ್ತಿಲ್ಲ. ಮೊದಲು ಹತ್ತು ಜನ, ಆಮೇಲೆ ಐವತ್ತು. ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ: ಹೆದರಬೇಡಿ, ನಮ್ಮ ತಾಕುಗಳಲ್ಲೂ ಮೊದಲು ಹೀಗೇ ಇತ್ತು, ಏಳನೇ ವಾರಕ್ಕೆ ತಾನಾಗಿ ಹಸಿರಾಯಿತು, ಕಾಯಿರಿ. ನಿನ್ನ ರಿಜಿಸ್ಟರಿನಲ್ಲಿ ಮೂರೂ ವರ್ಷ ಹಾಗೇ ಇದೆಯಲ್ಲ. ಎಲೆಯ ಬಣ್ಣದ ಅಂಕಿ ಐದನೇ ವಾರ ಕೆಳಗೆ, ಏಳನೇ ವಾರ ಮೇಲೆ.

ಈಗ ಎಂಟನೇ ವಾರ. ಹಸಿರಾಗಿಲ್ಲ.

ಮೊನ್ನೆ ಕಾಲುವೆಯಾಚೆಯ ಒಬ್ಬ ಬೆಳೆಗಾರ್ತಿ ಬಂದಿದ್ದರು. ಐವತ್ತರ ಆಸುಪಾಸು. ಗಂಡ ಇಲ್ಲ, ಇಡೀ ಹೊಲ ಅವರೇ ನೋಡಿಕೊಳ್ಳುವುದು. ಬೇರುಸಮೇತ ಕಿತ್ತ ಒಂದು ಕಂತೆ ಪೈರನ್ನು ನನ್ನ ಮೇಜಿನ ಮೇಲಿಟ್ಟರು. ಮಣ್ಣು ಕಾಗದದ ಮೇಲೆಲ್ಲ ಉದುರಿತು.

"ಈ ತಳಿ ಮಾಡಿದವರು ನೀವೇ ತಾನೆ?" ಅಂದರು.

ಹೌದು ಅಂದೆ.

"ನೀವು ಕೊಟ್ಟ ಚೀಟಿಯಲ್ಲಿ ಹೇಗಿತ್ತೋ ಹಾಗೇ ಹಾಕಿದೀನಿ. ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಮ್ಮಿ ಇಲ್ಲ. ಪಕ್ಕದವನು ನಿಮ್ಮ ಮಾತು ನಂಬದೆ ಪೂರ್ತಿ ಹಾಕಿದ, ಅವನ ಪೈರು ಮೊಣಕಾಲು ದಾಟಿದೆ. ನಂಬಿದ್ದಕ್ಕೆ ನನಗೆ ಇದು."

"ಇನ್ನೊಂದು ವಾರ ಕಾಯಿರಿ" ಅಂದೆ. ಅವರು ನನ್ನ ಮುಖವನ್ನೇ ನೋಡಿ, "ಕಾಯ್ತೀನಿ. ಪೈರು ಕಾಯತ್ತಾ?" ಅಂತ ಕೇಳಿ ಎದ್ದು ಹೋದರು.

ಅಪ್ಪಾ, ಈಗ ಉಳಿದಿರುವುದು ಒಂದೇ ದಾರಿ, ನಿನ್ನ ನೆನಪು. ತಾಕುಗಳ ನಕ್ಷೆಯ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ನಲವತ್ತೊಂದು ಇದ್ದ ನಾಲ್ಕು ತಾಕಿಗೆ ಕೆಂಪು ಗುರುತು ಹಾಕಿದ್ದೇನೆ. ಪೂರ್ತಿ ಗೊಬ್ಬರದ ಕಡೆಯಿಂದ ನೀರು ಸೋರಿ ಇವಕ್ಕೆ ಬರುತ್ತಿತ್ತೇ? ಅಲ್ಲಿ ಹಿಂದೆ ತಿಪ್ಪೆ ಏನಾದರೂ ಇತ್ತೇ? ಒಂದೊಂದು ಹುಳವನ್ನೂ ಬರೆದಿಡುವವನು ನೀನು. ಏನು ಕಂಡೆ, ಹೇಳು. ಹದಿನೈದು ದಿನದೊಳಗೆ ಕಾರಣ ಸಿಕ್ಕರೆ ಉಳಿದರ್ಧ ಗೊಬ್ಬರ ಕೊಡಿಸಿ ಸ್ವಲ್ಪವಾದರೂ ಉಳಿಸಬಹುದು. ಕಾರಣ ಇಲ್ಲದೆ ಕೊಡಿ ಅಂದರೆ ಮುಖ್ಯಸ್ಥರು ಒಪ್ಪುವುದಿಲ್ಲ. ಚೀಲದ ಮೇಲಿನ ಮಾತು ಸುಳ್ಳು ಅಂತ ನಾವೇ ಸಾರಿದ ಹಾಗಾಗುತ್ತದಂತೆ.

ಬೇಗ ಬರೆ.

ಗುಬ್ಬಿ


ಜನವರಿ 22

ಗುಬ್ಬಿ,

ನಾನು ಅತ್ತಿಗೆ. ಮಾವ ಬರೀತೀನಿ ಬರೀತೀನಿ ಅಂತಾನೇ ಇದಾರೆ, ಬರೀತಿಲ್ಲ. ಅದಕ್ಕೇ ನಾನು ಕೂತೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ನಗಬೇಡ.

ನಿನಗೆ ಹೇಳಬೇಡ ಅಂದಿದಾರೆ, ಆದರೆ ಹೇಳದೆ ಇದ್ದರೆ ನನಗೆ ಊಟ ಇಳಿಯಲ್ಲ. ಅವರ ಕಣ್ಣು ಹೋಗ್ತಾ ಇದೆ. ಪೊರೆ ಅಲ್ಲವಂತೆ, ತೆಗೆದು ಬಿಸಾಕೋಕೆ. ಒಳಗಿನ ನರಾನೇ ಒಣಗಿದೆ ಅಂದರು ಡಾಕ್ಟರು. ಬಲಗಣ್ಣು ಪೂರ್ತಿ ಇಲ್ಲ, ಎಡಗಣ್ಣಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ ಇಷ್ಟೇ ಇಷ್ಟು. ನಿನ್ನ ಕಾಗದ ನಾನೇ ಓದಿ ಹೇಳಿದೆ. ಆ ಬೆಳೆಗಾರ್ತಿ ಮಾತು ಬಂದಾಗ "ಇನ್ನೊಂದು ಸಲ ಓದು" ಅಂದರು. ಓದಿದೆ. ಅವತ್ತು ಕಾಲರು ಎಣಿಸಿದ್ದು ನಲವತ್ತಕ್ಕೆ ಮೂವತ್ತಾರು ಬಂತು. ಮಾವ ಎಣಿಸಿದ್ದು ತಪ್ಪಿದ್ದು ಅದೇ ಮೊದಲು.

ನಕ್ಷೆ ಮಡಿಲಲ್ಲಿ ಇಟ್ಕೊಂಡು ಕಿಟಕಿ ಹತ್ತಿರ ಕೂರ್ತಾರೆ. "ನೀವು ಹೇಳಿ ಮಾವ, ನಾನು ಬರ್ಕೋತೀನಿ" ಅಂದೆ. "ಇದು ನಾನೇ ಬರೀಬೇಕಮ್ಮ" ಅಂದರು. ಒಂದು ರಟ್ಟಿನಲ್ಲಿ ಗೆರೆ ಅಗಲಕ್ಕೆ ಕಂಡಿ ಕೊರೆದುಕೊಡು ಅಂದರು, ಕೊರೆದುಕೊಟ್ಟಿದೀನಿ. ಅದನ್ನ ಹಾಳೆ ಮೇಲಿಟ್ಟು ಕಂಡಿ ಒಳಗೆ ಬರೆದರೆ ಸಾಲು ಸೊಟ್ಟ ಆಗಲ್ಲವಂತೆ. ಎರಡು ಸಲ ಬರೆದು ಹರಿದರು.

ಏನೋ ಇದೆ ಗುಬ್ಬಿ. ನನಗೆ ಗೋಧಿ ಗೊತ್ತಿಲ್ಲ, ಮಾವ ಗೊತ್ತು.

ಅತ್ತಿಗೆ


ಫೆಬ್ರವರಿ 8

ಗುಬ್ಬಿಗೆ,

ಸಾಲುಗಳು ಒಂದರ ಮೇಲೊಂದು ಹೋಗಿದ್ದರೆ ಕ್ಷಮಿಸು. ನಿಧಾನವಾಗಿ ಓದು.

ನೀರು ಸೋರಿಲ್ಲ. ತಿಪ್ಪೆ ಇರಲಿಲ್ಲ. ಯೂರಿಯಾ ಹಾಕಿದವನು ನಾನು.

ಮೊದಲ ಹಂಗಾಮು ನೆನಪಿದೆಯೇ? ಐದನೇ ವಾರ. ನಿನ್ನ ನಲವತ್ತೊಂದು ಉಳಿದವುಗಳ ಹಾಗೇ ಬಿಳಿಚಿಕೊಂಡಿತ್ತು. ಈ ಸಲ ಏನೂ ಕಾಣದಿದ್ದರೆ ಯೋಜನೆ ಮುಚ್ಚುತ್ತೇವೆ, ನಿನ್ನ ಹುದ್ದೆಯೂ ಅದರ ಜೊತೆಗೇ ಅಂತ ಮುಖ್ಯಸ್ಥರು ಹೇಳಿದ್ದರು. ಅವತ್ತು ನೀನು ಬದುವಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚಲೇ ಇಲ್ಲ. ಅಳುತ್ತಿದ್ದೆಯಾ ಇಲ್ಲವಾ ನನಗೆ ಗೊತ್ತಿಲ್ಲ, ದೂರದಿಂದ ಬೆನ್ನು ಮಾತ್ರ ಕಾಣುತ್ತಿತ್ತು. ಮಾರನೆಯ ದಿನ ಮಧ್ಯಾಹ್ನ ಕೆಲಸದವರೆಲ್ಲ ಶೆಡ್ಡಿಗೆ ಊಟಕ್ಕೆ ಹೋದಾಗ ನಾನು ನನ್ನ ಡಬ್ಬಿಯಲ್ಲಿ ಯೂರಿಯಾ ತಂದಿದ್ದೆ. ಅಳತೆ ತಪ್ಪದವನಲ್ಲವೇ ನಾನು, ಅದನ್ನೂ ತೂಗಿಯೇ ತಂದಿದ್ದೆ. ತಾಕಿಗೆ ಅರವತ್ತೈದು ಗ್ರಾಂ. ನಾಲ್ಕು ತಾಕು. ಎಲ್ಲ ಸೇರಿ ಕಾಲು ಕೇಜಿಗೆ ಚೂರು ಹೆಚ್ಚು. ಮೇಲೆ ನೀರು ಬಿಟ್ಟೆ.

ಎರಡು ವಾರದಲ್ಲಿ ಹಸಿರಾಯಿತು. ನೀನು ಓಡಿ ಬಂದು "ಅಪ್ಪಾ ನೋಡು" ಅಂದೆ. ನೋಡಿದೆ.

ಒಂದೇ ಸಲ ಅಂದುಕೊಂಡಿದ್ದೆ. ಎರಡನೇ ವರ್ಷ ಬೆಳೆ ಇಳಿದರೆ ಯಾಕೆ ಅಂತ ಕೇಳುತ್ತಾರಲ್ಲ, ಅದಕ್ಕೆ ಮತ್ತೆ ಹಾಕಿದೆ. ಮೂರನೇ ವರ್ಷ ಯೋಚನೆಯನ್ನೂ ಮಾಡಲಿಲ್ಲ.

ರಿಜಿಸ್ಟರಿನಲ್ಲಿ ನಾನು ಸುಳ್ಳು ಅಂಕಿ ಬರೆದಿಲ್ಲ. ತೂಗಿದ್ದನ್ನೇ ಬರೆದೆ. ಮಾಪಕ ತೋರಿಸಿದ್ದನ್ನೇ ಬರೆದೆ. ಇದನ್ನು ಯಾಕೆ ಹೇಳುತ್ತಿದ್ದೇನೋ ತಿಳಿಯದು.

ನಿನ್ನ ನಕ್ಷೆ ಬಂದಾಗ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಹದಿನೈದು ದಿನ ಅಂದಿದ್ದೆ, ಒಂದು ತಿಂಗಳು ಮಾಡಿದೆ. ಕಣ್ಣಿನ ನೆಪ ಹೇಳಬಹುದು. ಕಣ್ಣಲ್ಲ. ಕೈ ಏಳಲಿಲ್ಲ.

ಈಗಲಾದರೂ ಉಳಿದರ್ಧ ಕೊಡಿಸು. ನೀರಿನ ಜೊತೆ ಕೊಡಲಿ. ಕದಿರು ಬರುವ ಮೊದಲು.

ಅಪ್ಪ


ಫೆಬ್ರವರಿ 15

ಅಪ್ಪನವರಿಗೆ,

ನಿಮ್ಮ ಕಾಗದ ಹನ್ನೆರಡಕ್ಕೆ ತಲುಪಿತು. ಆ ಹೊತ್ತಿಗೆ ಎಲ್ಲ ಹೊಲಗಳಲ್ಲೂ ಕದಿರು ಹೊರಬಿದ್ದಿತ್ತು. ಈಗ ಗೊಬ್ಬರ ಕೊಟ್ಟರೆ ಕಾಳಿನ ಬಣ್ಣ ಬದಲಾದೀತು, ಕಾಳಿನ ಸಂಖ್ಯೆ ಹೆಚ್ಚುವುದಿಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಅದೇ ದಿನ ಮುಖ್ಯಸ್ಥರಿಗೆ ಕಾಗದ ತೋರಿಸಿದೆ. ಅವರು ಬಾಗಿಲು ಹಾಕಿಕೊಂಡು ಬಂದು, "ಇದನ್ನು ಇನ್ನು ಯಾರು ಓದಿದಾರೆ?" ಅಂದರು. ನಾನೊಬ್ಬಳೇ ಅಂದೆ. "ಹಾಗಾದರೆ ಒಲೆಗೆ ಹಾಕು. ಈ ಸಲ ಚಳಿ ಕೈಕೊಟ್ಟಿತು ಅಂತ ಬರೆಯೋಣ" ಅಂದರು. ಒಂದು ಗಳಿಗೆ ನಾನೂ ಯೋಚಿಸಿದೆ. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆಗಿಂತ ಹೆಚ್ಚೇ ಯೋಚಿಸಿದೆ. ಆಮೇಲೆ ಸಮಿತಿಗೆ ನೇರವಾಗಿ ಕಳಿಸಿದೆ.

ವಿಚಾರಣೆಗೆ ನಿಮ್ಮ ಹೇಳಿಕೆ ಬೇಕು. ನೀವು ಬರುವ ಸ್ಥಿತಿಯಲ್ಲಿಲ್ಲ ಎಂದು ತಿಳಿಸಿದ್ದೇನೆ. ಜೊತೆಗಿರುವ ಹಾಳೆಯಲ್ಲಿ ಯಾವ ವರ್ಷ, ಯಾವ ದಿನ, ಯಾವ ತಾಕು, ಎಷ್ಟು ಎಂದು ಬರೆದು ಸಹಿ ಮಾಡಿ ಕಳಿಸಿ. ಅತ್ತಿಗೆ ಸಾಕ್ಷಿ ಹಾಕಲಿ.

ಇಂತು,
ನಿಮ್ಮ ಮಗಳು


ಮಾರ್ಚ್ 1

ಗುಬ್ಬಿಗೆ,

ಹೇಳಿಕೆ ಕಳಿಸಿದ್ದೇನೆ. ಬೇಕಾದ್ದೆಲ್ಲ ಇದೆ. ನಿನ್ನ ಅತ್ತಿಗೆ ಸಾಕ್ಷಿ ಹಾಕುವಾಗ ಓದಿದಳು. ಸಂಜೆ ಟೀ ತಂದು ಪಕ್ಕದಲ್ಲಿಟ್ಟು, ಲೋಟ ಎಲ್ಲಿದೆ ಅಂತ ಬೆರಳು ಹಿಡಿದು ತೋರಿಸಿದಳು.

ನೀನು ನನ್ನನ್ನು "ನೀವು" ಅಂದಿದ್ದೀಯ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಅತ್ತಿಗೆ ಓದುವಾಗ ತಡವರಿಸಿದಳು, ನಾನು "ಇರುವುದನ್ನೇ ಓದು" ಅಂದೆ. ಸರಿಯಾಗಿಯೇ ಇದೆ. ತಪ್ಪು ಮಾಡಿದವನಿಗೂ ಮರ್ಯಾದೆ ಕೊಟ್ಟೇ ವಿಚಾರಿಸಬೇಕು.

ಒಂದು ಬೇಡಿಕೆ. ಮೂರೇ ಹಂಗಾಮು, ನಾಲ್ಕೇ ತಾಕು. ಉಳಿದ ಇಪ್ಪತ್ತೆಂಟು ವರ್ಷದ ರಿಜಿಸ್ಟರುಗಳಲ್ಲಿ ಒಂದು ಸೊನ್ನೆಯೂ ಸುಳ್ಳಿಲ್ಲ. ನಿನಗಿಂತ ಮೊದಲು ಅಲ್ಲಿ ಗೋಧಿ ತಳಿ ಮಾಡುತ್ತಿದ್ದ ನಮ್ಮ ದೊಡ್ಡ ಡಾಕ್ಟರು ಸಾಯುವ ತನಕ ಮಾಡಿದ ತಳಿಗಳೆಲ್ಲ ಅದರ ಮೇಲೆ ನಿಂತಿವೆ. ಅವರು ನನ್ನ ಅಂಕಿಗಳನ್ನು ಎರಡನೇ ಸಲ ನೋಡುತ್ತಲೂ ಇರಲಿಲ್ಲ. ಆ ಪುಸ್ತಕಗಳನ್ನು ಇದರ ಜೊತೆ ಕಟ್ಟಬೇಡಿ ಅಂತ ಸಮಿತಿಗೆ ಹೇಳು. ನನಗಾಗಿ ಅಲ್ಲ.

ಅಪ್ಪ


ಮೇ 26

ಅಪ್ಪನವರಿಗೆ,

ವಿಚಾರಣೆ ಮುಗಿಯಿತು. ತಳಿಯನ್ನು ಹಿಂತೆಗೆದುಕೊಂಡರು. ಉಗ್ರಾಣದಲ್ಲಿದ್ದ ನಲವತ್ತೊಂದರ ಬೀಜವನ್ನೆಲ್ಲ ಗಿರಣಿಗೆ ಕಳಿಸಿ ದನದ ಮೇವಿಗೆ ನುಚ್ಚು ಮಾಡಿಸಿದರು. ಲಾರಿಗೆ ತುಂಬುವಾಗ ಸಹಿ ಹಾಕಬೇಕಾದವಳು ನಾನೇ.

ಬೆಳೆಗಾರರಿಗೆ ಬಂದದ್ದು ಎಂದಿನ ಬೆಳೆಯ ಮೂರರಲ್ಲಿ ಎರಡು ಪಾಲು. ಕೆಲವರಿಗೆ ಅದೂ ಇಲ್ಲ. ಮುನ್ನೂರು ಮನೆ. ನೀವು ಹಾಕಿದ್ದು ವರ್ಷಕ್ಕೆ ಕಾಲು ಕೇಜಿ.

ನಿಮ್ಮ ಬೇಡಿಕೆಯನ್ನು ನಾನು ಸಮಿತಿಯ ಮುಂದೆ ಓದಿದೆ. ಕನ್ನಡಕದ ಹಿರಿಯರೇ ಉತ್ತರ ಕೊಟ್ಟರು: "ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ, ಎಷ್ಟು ಮೇಯಿತು ಅಂತ ಬೇಲಿಯನ್ನೇ ಕೇಳೋಕಾಗತ್ತಾ ತಾಯಿ?" ಮೂವತ್ತೊಂದೂ ಪುಸ್ತಕಗಳನ್ನು ಗೋಣಿಚೀಲಗಳಲ್ಲಿ ತುಂಬಿ, ಬಾಯಿ ಹೊಲಿದು, ಹಳೆಯ ಬೀಜದ ಕೋಣೆಯಲ್ಲಿ ಹಾಕಿದ್ದಾರೆ. ಮೇಲೆ ಚೀಟಿ: "ಬಳಸತಕ್ಕದ್ದಲ್ಲ." ದೊಡ್ಡ ಡಾಕ್ಟರ ಹೆಂಡತಿ ಇನ್ನೂ ಕ್ವಾರ್ಟರ್ಸಿನ ಆಚೆ ಬೀದಿಯಲ್ಲೇ ಇದ್ದಾರೆ. ನಾನು ಈಗ ಆ ಬೀದಿ ಬಿಟ್ಟು ಸುತ್ತು ಹಾಕಿ ಹೋಗುತ್ತೇನೆ.

ಉಳಿದ ಇಪ್ಪತ್ತೆಂಟು ವರ್ಷ ನಿಜ ಅಂತ ನೀವು ಬರೆದಿದ್ದೀರಿ. ನಿಜವೇ ಇರಬೇಕು. ಆದರೆ ನಂಬಲು ಕೂತಾಗ ನನಗೆ ಆಗುತ್ತಿಲ್ಲ. ಚಿಕ್ಕವಳಿದ್ದಾಗ ತೂಕದ ಕೋಣೆಯಲ್ಲಿ ಬೀಜದ ಮೂಟೆಗಳ ಮೇಲೆ ಮಲಗಿ ನಿಮ್ಮ ದನಿಯಲ್ಲಿ ಅಂಕಿಗಳನ್ನು ಕೇಳುತ್ತಾ ನಿದ್ದೆಹೋಗುತ್ತಿದ್ದೆ. ಈಗ ಆ ಅಂಕಿಗಳನ್ನೂ ಅನುಮಾನದಿಂದ ಕೇಳಿಸಿಕೊಳ್ಳುತ್ತಿದ್ದೇನೆ.

ತಪ್ಪು ನಿಮ್ಮೊಬ್ಬರದೇ ಅಲ್ಲ. ಎರಡು ಕೇಂದ್ರದ ಅಂಕಿಗಳು ಕಣ್ಣೆದುರೇ ಇದ್ದವು. ನನಗೆ ಬೇಡವಾಗಿತ್ತು, ನೋಡಲಿಲ್ಲ. ಕಾಯಿರಿ ಕಾಯಿರಿ ಅಂದವಳೂ ನಾನೇ.

ನನ್ನನ್ನು ಬೀಜದ ಉಗ್ರಾಣಕ್ಕೆ ಹಾಕಿದ್ದಾರೆ. ಚೀಲ ಎಣಿಸುವ ಕೆಲಸ. ಇನ್ನು ಸ್ವಲ್ಪ ದಿನ ಬರೆಯುವುದಿಲ್ಲ.

ಮಗಳು


ಮುಂದಿನ ವರ್ಷ, ಏಪ್ರಿಲ್ 19

ಅತ್ತಿಗೆ,

ಹನ್ನೊಂದು ತಿಂಗಳಾಯಿತು. ಅಣ್ಣ ಫೋನಿನಲ್ಲಿ ಹೇಳಿದ. ಅಪ್ಪನಿಗೆ ಈಗ ಬೆಳಕೂ ಕಾಣುವುದಿಲ್ಲವಂತೆ. ಆ ದಿನವೇ ಬರಬೇಕಿತ್ತು. ಬಸ್‌ ನಿಲ್ದಾಣದವರೆಗೂ ಹೋಗಿ ವಾಪಸು ಬಂದೆ.

ಇದರೊಳಗೆ ಅಪ್ಪನಿಗೆ ಎರಡು ಹಾಳೆ ಇವೆ. ಮೊದಲನೆಯದನ್ನು ಓದಿ ಹೇಳಿ. ಎರಡನೆಯದನ್ನು ಓದುವುದು, ಬಿಡುವುದು ನಿಮಗೆ ಬಿಟ್ಟದ್ದು. ನನಗೆ ತೋಚುತ್ತಿಲ್ಲ. ಹೇಳದಿದ್ದರೆ ನಾನೂ ಮುಚ್ಚಿಟ್ಟ ಹಾಗಾಗುತ್ತದೆ. ಹೇಳಿದರೆ ಏನಾಗುತ್ತದೋ.

ಗುಬ್ಬಿ

(ಮೊದಲ ಹಾಳೆ)

ಅಪ್ಪಾ,

ನಾನು ಚೆನ್ನಾಗಿದ್ದೇನೆ. ಉಗ್ರಾಣದಲ್ಲಿ ಇಲಿ ಕಾಟ. ಬೆಕ್ಕೊಂದನ್ನು ಸಾಕಿದ್ದೇವೆ, ಅದು ಇಲಿಗಳಿಗೆ ಹೆದರಿ ನನ್ನ ಮೇಜಿನ ಕೆಳಗೇ ಇರುತ್ತದೆ. ತಿನ್ನುವುದು ಬಿಡಬೇಡ. ಅತ್ತಿಗೆಯ ಕೈ ಹಿಡಿದು ದಿನಕ್ಕೊಂದು ಸಲವಾದರೂ ಕೆಳಗೆ ಇಳಿದು ಬಾ.

(ಎರಡನೇ ಹಾಳೆ)

ಅಪ್ಪಾ,

ಕಳೆದ ಅಕ್ಟೋಬರಿನಲ್ಲಿ ಆ ಕಾಲುವೆಯಾಚೆಯ ಬೆಳೆಗಾರ್ತಿಯ ಮನೆಗೆ ಹೋಗಿದ್ದೆ, ಕ್ಷಮೆ ಕೇಳಲು. ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡರು. "ಹಾಗಾದರೆ ಆ ಗೋಧಿ ನಿಜವಾಗಿ ಎಷ್ಟು ಕೊಡತ್ತೆ?" ಅಂದರು. ಗೊತ್ತಿಲ್ಲ ಅಂದೆ. ಅವರಿಗೆ ಸಿಟ್ಟು ಬಂತು. "ಏಳು ವರ್ಷ ಸಾಕಿದ್ದೀಯ, ಅದರ ಯೋಗ್ಯತೆ ಎಷ್ಟು ಅಂತ ನಿನಗೇ ಗೊತ್ತಿಲ್ವಾ? ನನ್ನ ಹೊಲದಲ್ಲೇ ಹಾಕು. ನನ್ನ ಕಣ್ಣೆದುರು ಹಾಕು" ಅಂದರು.

ಹಾಕಿದೆ. ನನ್ನ ಕಪಾಟಿನಲ್ಲಿ ಒಂದು ಸಣ್ಣ ಪೊಟ್ಟಣ ಬೀಜ ಉಳಿದಿತ್ತು. ನಲವತ್ತೊಂದಕ್ಕೆ ಎಂಟು ತಾಕು, ಎಲ್ಲರೂ ಬಿತ್ತುವ ಹಳೆಯ ತಳಿಗೆ ಎಂಟು ತಾಕು. ಎಲ್ಲಕ್ಕೂ ಅರ್ಧ ಗೊಬ್ಬರ. ಗೊಬ್ಬರ ತೂಗಿ ಕೊಟ್ಟವಳು ನಾನು, ಹಾಕಿದವರು ಅವರು. ಹೊಲದ ಗೇಟಿಗೆ ಬೀಗ ಹಾಕಿ ಬೀಗದ ಕೈಯನ್ನು ಅವರೇ ಇಟ್ಟುಕೊಂಡರು. ಕೊಯ್ಲಾದ ಮೇಲೆ ತಕ್ಕಡಿಯ ಮುಳ್ಳು ನೋಡಿ ಅಂಕಿ ಬರೆದುಕೊಂಡವರೂ ಅವರೇ.

ನಲವತ್ತೊಂದು ನೂರಕ್ಕೆ ಎಂಟು ಪಾಲು ಹೆಚ್ಚು ಕೊಟ್ಟಿದೆ. ಎಂಟೂ ತಾಕುಗಳಲ್ಲಿ. ಒಂದರಲ್ಲೂ ತಪ್ಪಿಲ್ಲ.

ಬೇರು ಅಗೆದು ನೋಡಿದೆ. ಹಳೆಯ ತಳಿಯದಕ್ಕಿಂತ ಒಂದು ಗೇಣು ಆಳ ಹೋಗಿತ್ತು.

ಇಪ್ಪತ್ತೆರಡಲ್ಲ, ಎಂಟು. ಆದರೆ ಎಂಟು ಅನ್ನುವುದು ಸಣ್ಣದಲ್ಲಪ್ಪಾ. ಆ ಮೊದಲ ಹಂಗಾಮಿನಲ್ಲಿ ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ ಕೊನೆಯಲ್ಲಿ ತೂಕ ಅಷ್ಟು ಬರುತ್ತಿತ್ತು. ಯೋಜನೆ ಉಳಿಯುತ್ತಿತ್ತು. ಕಾಲು ಭಾಗ ಗೊಬ್ಬರ ಉಳಿಸುವ ಗೋಧಿ ಅಂತ ನಿಧಾನವಾಗಿ ಹೊರಗೆ ಬರುತ್ತಿತ್ತು. ಈಗ ಈ ಅಂಕಿಯನ್ನು ಸಮಿತಿಗೆ ಕಳಿಸಿದೆ. ಕೇಂದ್ರದ ಹೊರಗಿನ ಪ್ರಯೋಗ, ಅದೂ ನನ್ನದು, ಪರಿಗಣಿಸಲಾಗದು ಅಂತ ಒಂದು ಸಾಲಿನ ಉತ್ತರ ಬಂತು. ಇನ್ನು ಅದನ್ನು ಯಾರೂ ಬಿತ್ತುವುದಿಲ್ಲ.

ನೀನು ನನ್ನ ಮೇಲಿನ ಪ್ರೀತಿಗೆ ಮಾಡಿದೆ, ಗೊತ್ತು. ಆದರೆ ಅವತ್ತು ನನ್ನನ್ನೂ ಅದನ್ನೂ ಇನ್ನು ಹತ್ತು ವಾರ ನಂಬಬಹುದಿತ್ತು.

ಗುಬ್ಬಿ


ಮೇ 4

ಗುಬ್ಬಿ,

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ ಮಾಡಿದೀಯ ನೀನು. ಕೋಲು ತಂದು ನನ್ನ ಕೈಗೆ ಕೊಟ್ಟು ದೂರ ನಿಂತೆ. ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ, ಮೊದಲೇ ಹೇಳಿಬಿಡ್ತೀನಿ.

ಮೊದಲನೇ ಹಾಳೆ ಓದಿದೆ. ಬೆಕ್ಕಿನ ವಿಷಯಕ್ಕೆ ಮಾವ ನಕ್ಕರು. ಎಷ್ಟು ದಿನ ಆಗಿತ್ತೋ ಅವರು ನಕ್ಕು. ಇಷ್ಟೇ ಸಾಕು ಅಂದ್ಕೊಂಡು ಇನ್ನೊಂದು ಹಾಳೇನ ಮಡಚಿ ಮೆಷಿನ್ನಿನ ಡ್ರಾಯರಿಗೆ ಹಾಕೋಕೆ ಹೋದೆ.

"ಇನ್ನೊಂದು ಇದೆಯಲ್ಲಮ್ಮ" ಅಂದರು.

"ಇಲ್ಲ ಮಾವ."

"ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ನೀನು ಬಿಚ್ಚಿದ್ದು ಮೂರು ಹಾಳೆ. ಒಂದು ನಿನಗೆ, ಒಂದು ನನಗೆ ಓದಿದ್ದು. ಓದು."

ಓದಿದೆ. ಎರಡು ಕಡೆ ನಿಲ್ಲಿಸಿದೆ. ಮುಗಿದ ಮೇಲೆ ಅವರು ಕೆಲಸಕ್ಕೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡ್ಕೊಂಡು ಕೇಳೋಕೆ ಶುರು ಮಾಡಿದರು.

"ಎಷ್ಟು ತಾಕು ಅಂದಳು?"

"ಎಂಟು, ಮಾವ."

"ಹೋಲಿಕೆಗೂ ಎಂಟೇನಾ?"

"ಹೂಂ."

"ತೂಕ ಯಾರು ಬರ್ಕೊಂಡರು?"

"ಆ ಹೊಲದ ಯಜಮಾನಿನೇ ಅಂತೆ."

"ಒಳ್ಳೇದಾಯ್ತು. ಹಾಗಾದರೆ ಅದು ನಿಜ" ಅಂದರು.

ಪಕ್ಕದ ಮನೆಯಲ್ಲಿ ಕುಕ್ಕರು ಕೂಗಿತು, ಕೆಳಗೆ ಯಾರೋ ಸ್ಕೂಟರು ಒದೀತಾ ಇದ್ದರು. ನಾನು ಟೀ ಇಡ್ಲಾ ಅಂತ ಕೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವರೇ, "ಎಂಟು ಸಾಕಾಗಿತ್ತು ಕಣಮ್ಮ" ಅಂದರು. "ಎಂಟು ಧಾರಾಳ ಸಾಕಾಗಿತ್ತು."

ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ನನ್ನ ಕೈಲಿ ಸಮಿತಿಗೆ ಒಂದು ಕಾಗದ ಬರೆಸಿದರು. ನನ್ನ ಪುಸ್ತಕಗಳು ಗೋಣಿಚೀಲದಲ್ಲೇ ಇರಲಿ, ನನ್ನದೇನೂ ತಕರಾರಿಲ್ಲ. ನನ್ನ ಮಗಳ ತಳಿಯನ್ನ ಮಾತ್ರ ಇನ್ನೊಂದು ಸಲ ತೂಗಿ ನೋಡಿ ಅಂತ. ಸಹಿಗೆ ಪೆನ್ನು ಕೈಗಿಟ್ಟೆ. ಹಾಳೆ ಎಲ್ಲಿ ಮುಗಿಯತ್ತೆ ಅಂತ ಗೊತ್ತಾಗದೆ ಅರ್ಧ ಹೆಸರು ಹಾಳೆ ಮೇಲೆ, ಅರ್ಧ ಮೇಜಿನ ಬಟ್ಟೆ ಮೇಲೆ ಬಿತ್ತು. ನಾನು ಹೇಳಲಿಲ್ಲ. ಹಾಗೇ ಅಂಚೆಗೆ ಹಾಕಿದೀನಿ. ಉತ್ತರ ಬಂದಿಲ್ಲ, ಬರೋದೂ ಇಲ್ಲ.

ಅವತ್ತಿಂದ ಕಾಲರು ಎಣಿಸೋದು ಬಿಟ್ಟಿದಾರೆ. ಊಟಕ್ಕೆ ಕರೆದರೆ ಬರ್ತಾರೆ, ಕೂರಿಸಿದ ಕಡೆ ಕೂರ್ತಾರೆ. ನಿಮ್ಮಣ್ಣ ಹತ್ತಿರ ಕೂತು ಏನಾದರೂ ಕೇಳಿದರೆ "ಹೂಂ" ಅಂತಾರೆ. ನೀನು ಅವರನ್ನ ಬೈದಿದ್ದೆಲ್ಲ ತಡ್ಕೊಂಡಿದ್ದರು ಗುಬ್ಬಿ. ಪುಸ್ತಕಗಳನ್ನ ಚೀಲಕ್ಕೆ ಹಾಕಿ ಹೊಲಿದಿದ್ದನ್ನೂ ತಡ್ಕೊಂಡರು, ಕಣ್ಣು ಹೋಗಿದ್ದನ್ನೂ ತಡ್ಕೊಂಡರು. ನಿನ್ನ ಗೋಧಿ ಚೆನ್ನಾಗೇ ಇತ್ತು ಅನ್ನೋದನ್ನ ತಡ್ಕೊಳ್ಳೋಕೆ ಆಗಲಿಲ್ಲ. ಹೇಳಬಾರದಿತ್ತು ಅಂತ ನಾನು ಅನ್ನಲ್ಲ. ಹೇಳೋದಾದರೆ ನೀನು ಬಂದು ಹೇಳಬೇಕಿತ್ತು.

ಇನ್ನು ಕಾಗದ ಬರೀಬೇಡ. ಬಸ್ಸು ಹತ್ತು, ಬಾ. ಅವರ ಪಕ್ಕ ಕೂತ್ಕೋ, ಮಾತಾಡದಿದ್ದರೂ ಪರವಾಗಿಲ್ಲ. ಬಾಗಿಲು ಶಬ್ದ ಆದಾಗೆಲ್ಲ "ಯಾರಮ್ಮ?" ಅಂತ ತಲೆ ಎತ್ತುತಾರೆ. "ಯಾರೂ ಇಲ್ಲ ಮಾವ, ಬಟ್ಟೆ ಕೊಡೋಕೆ ಬಂದವರು" ಅಂತ ಹೇಳಿ ಹೇಳಿ ನನಗೂ ಸಾಕಾಗಿದೆ.

ಅತ್ತಿಗೆ